ಬಿಪಿ ಗುಳಿಗೆ ತಿಂಗಳಿಗಾಗುವಷ್ಟು ಕೊಡಿ



ಹೃದಯದ ಕಾಯಿಲೆಯ ಮಾತು ಬಂದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಚರ್ಚೆ ದೊಡ್ಡ ಆಸ್ಪತ್ರೆಯ ಸುತ್ತಲೇ ತಿರುಗುತ್ತದೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಆ ಪೆಂಡಾಲಿನಲ್ಲಿ ನಾನೂ ಕುಳಿತವನು, ಆ ಬೇಡಿಕೆ ಈಗಲೂ ನನ್ನದೇ. ಹೃದಯಾಘಾತವಾದವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ, 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾದ ಜಯದೇವ ಆಸ್ಪತ್ರೆಯ ಹೊಸ ಕಟ್ಟಡವೂ ನಮಗೆ ಬೇಕಾದವೇ. ಆದರೆ ಇವೆಲ್ಲ ಎದೆ ಹಿಡಿದುಕೊಂಡ ಮೇಲಿನ ಮಾತು. ಅದಕ್ಕೂ ಹತ್ತು ವರ್ಷ ಮೊದಲು ಬೇಕಾದದ್ದು ಜನೌಷಧಿ ಅಂಗಡಿಯಲ್ಲಿ ಒಂದು ರೂಪಾಯಿಯೂ ಬೀಳದ ಬಿಪಿಯ ಒಂದು ಗುಳಿಗೆ. ಅದನ್ನು ಹತ್ತು ದಿನಕ್ಕಾಗುವಷ್ಟು ಮಾತ್ರ ಕೊಟ್ಟು ಕಳಿಸುವ ರೂಢಿಯ ಬಗ್ಗೆ ನನ್ನ ತಕರಾರು.

ನನ್ನ ಅಕ್ಕ ದೇವದುರ್ಗ ತಾಲ್ಲೂಕಿನ ಹಳ್ಳಿಯವಳು. ನಾಲ್ಕು ವರ್ಷದ ಹಿಂದೆ ಊರಲ್ಲಿ ತಪಾಸಣೆ ಮಾಡಿದಾಗ ಬಿಪಿ 170/100 ಬಂತು. ಹತ್ತು ಗುಳಿಗೆ ಕೊಟ್ಟರು. ಅವು ತೀರಿದ ಮೇಲೆ ಹೋದರೆ, "ಸ್ಟಾಕ್ ಬಂದಿಲ್ಲ, ಸೋಮವಾರ ಬರ್ರಿ" ಅಂದರು. ಹತ್ತಿ ಬಿಡಿಸುವ ಕಾಲ. ಒಂದು ಸಲ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಅಕ್ಕ ಒಂದೊಂದು ಗುಳಿಗೆಯನ್ನೂ ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ, ಎಲೆ ಅಡಿಕೆಯ ಸಂಚಿಯಲ್ಲಿ ಕಟ್ಟಿಟ್ಟು, ನೆನಪಾದ ದಿನ ಒಂದು ಹೋಳು ನುಂಗುತ್ತಿದ್ದಳು. ನಾನು ಸಿಟ್ಟು ಮಾಡಿದರೆ, "ಆರಾಮ ಅದೀನಲ್ಲೋ ತಮ್ಮಾ. ತಲಿ ನೋಯಂಗಿಲ್ಲ, ಏನಿಲ್ಲ. ದಿನಾ ಯಾಕ ನುಂಗಬೇಕು?" ಅನ್ನುತ್ತಿದ್ದಳು.

ಆ ಪ್ರಶ್ನೆಗೆ ಯಾರೂ ಅವಳೆದುರು ಕುಳಿತು ಉತ್ತರ ಹೇಳಲಿಲ್ಲ. ನಾನೂ ಹೇಳಲಿಲ್ಲ, ಬರೀ ಬೈದೆ. ಹೋದ ವರ್ಷ ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಕುಳಿತವಳ ಬಲಗೈ ಹಿಟ್ಟಿನ ಮೇಲೇ ನಿಂತುಬಿಟ್ಟಿತು. ಲಕ್ವ ಹೊಡೆದಿತ್ತು. ರಾಯಚೂರಿಗೆ ಕರೆತಂದಾಗ ಎಕೋ ಮಾಡಿದ ವೈದ್ಯರು ಹೃದಯದ ಎಡ ಕೋಣೆಯ ಗೋಡೆ ದಪ್ಪಗಾಗಿರುವುದನ್ನು ಪರದೆಯ ಮೇಲೆ ತೋರಿಸಿದರು. ವರ್ಷಗಟ್ಟಲೆ ಒತ್ತಡದ ಎದುರು ರಕ್ತ ತಳ್ಳಿ ತಳ್ಳಿ ಹಾಗಾಗಿದೆ ಅಂದರು.

ಇದನ್ನು ನಮ್ಮ ಜನಕ್ಕೆ ತಿಳಿಸಿ ಹೇಳುವುದು ಕಷ್ಟವೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ ರೈತರಿಗಂತೂ ಅರ್ಧ ಮಾತು ಸಾಕು. ಉಪಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಇಕ್ಕಟ್ಟಾದ ಪೈಪಿಗೆ ನೀರು ನೂಕುವ ಮೋಟರು ಕಾದು ಕಾದು ಒಂದು ದಿನ ಸುಡುತ್ತದೆ. ದೇಹದೊಳಗೂ ಹೀಗೆಯೇ. ಬಿಪಿ ಏರಿದರೆ ರಕ್ತನಾಳದ ಒಳಪದರ ಗಾಯಗೊಳ್ಳುತ್ತದೆ, ಅಲ್ಲಿ ಕೊಬ್ಬು ಕೂತು ದಾರಿ ಕಿರಿದಾಗುತ್ತದೆ. ಜೊತೆಗೆ ಸಕ್ಕರೆ ಕಾಯಿಲೆ, ಸೊಂಟದ ಸುತ್ತ ಬೊಜ್ಜು ಇದ್ದರೆ ಹೂಳು ಇನ್ನೂ ಬೇಗ ತುಂಬುತ್ತದೆ. ನೀರಾವರಿ ಬಂದ ಊರುಗಳಲ್ಲಿ ಜೋಳದ ರೊಟ್ಟಿ ಹಿಂದೆ ಸರಿದು ಎರಡು ಹೊತ್ತೂ ಬಿಳಿ ಅನ್ನವಾಗಿದೆ, ನಾಟಿ ಮಾಡುತ್ತಿದ್ದ ಕೈಗಳ ಜಾಗಕ್ಕೆ ಯಂತ್ರ ಬರುತ್ತಿದೆ. ಹೃದಯ, ಮಿದುಳು, ಕಿಡ್ನಿ ಮೂರಕ್ಕೂ ಪೆಟ್ಟು ಬೀಳುವುದು ಈ ಒಂದೇ ದಾರಿಯಲ್ಲಿ, ಅದೂ ನೋವಿಲ್ಲದೆ. ಆರಾಮ ಅನ್ನಿಸುತ್ತಿರುವಾಗಲೇ ಗುಳಿಗೆ ನುಂಗಬೇಕಾದದ್ದು ಇದಕ್ಕೇ.

ಭಾರತದಲ್ಲಿ ಬಿಪಿ ಇರುವ ವಯಸ್ಕರಲ್ಲಿ ಅದು ಹತೋಟಿಯಲ್ಲಿರುವುದು 100ಕ್ಕೆ ಸುಮಾರು 15 ಜನರಲ್ಲಿ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಬಿಪಿಯ ಎರಡು ಅಂಕಿಗಳಲ್ಲಿ ಮೇಲಿನದು ಹತ್ತರಷ್ಟು ಇಳಿದರೂ ಹೃದಯಾಘಾತ, ಲಕ್ವದಂಥ ಅಪಾಯ ಸುಮಾರು ಐದನೇ ಒಂದು ಭಾಗ ತಗ್ಗುತ್ತದೆ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳಿಂದ ಇಡೀ ರಾಜ್ಯ ಬೆಚ್ಚಿಬಿದ್ದಾಗ ಸರ್ಕಾರದ ತಜ್ಞರ ಸಮಿತಿಯೂ ಕೊನೆಗೆ ಬೊಟ್ಟು ಮಾಡಿದ್ದು ಬಿಪಿ, ಸಕ್ಕರೆ, ಬೊಜ್ಜು, ತಂಬಾಕಿನತ್ತಲೇ.

ಗೃಹ ಆರೋಗ್ಯ ಯೋಜನೆಯಡಿ ಮನೆಮನೆಗೆ ಬಂದು ಬಿಪಿ, ಸಕ್ಕರೆ ನೋಡುವುದು ಒಳ್ಳೆಯ ಕೆಲಸ, ಬಿಸಿಲಲ್ಲಿ ತಿರುಗುವ ಆಶಾ ತಾಯಂದಿರಿಗೆ ಕೈ ಮುಗಿಯುತ್ತೇನೆ. ಆದರೆ ಎಷ್ಟು ಜನರ ತಪಾಸಣೆ ಆಯಿತು ಎಂಬ ಲೆಕ್ಕದಲ್ಲಿ ನನ್ನ ಅಕ್ಕನೂ ಒಬ್ಬಳು. ಎಷ್ಟು ಜನರ ಬಿಪಿ 140/90ಕ್ಕಿಂತ ಕೆಳಗೆ ಇಳಿಯಿತು, ಎಷ್ಟು ಜನ ಗುಳಿಗೆ ನಡುವೆ ಬಿಟ್ಟರು ಎಂಬ ಲೆಕ್ಕವನ್ನು ತಾಲ್ಲೂಕುವಾರು, ತಿಂಗಳು ತಿಂಗಳು ಪ್ರಕಟಿಸಲಿ. ಬಿಪಿಗೆ ತಿಂಗಳ ಗುಳಿಗೆ ಒಟ್ಟಿಗೆ ಕೊಡಬೇಕೆನ್ನುವುದು ಹೊಸ ಬೇಡಿಕೆಯಲ್ಲ, ರಾಷ್ಟ್ರೀಯ ಕಾರ್ಯಕ್ರಮದ ಕ್ರಮವೇ ಅದು. ಅದನ್ನು ಹಳ್ಳಿಯ ಉಪಕೇಂದ್ರದಲ್ಲೇ, ಸಂಜೆ ಕೂಲಿ ಮುಗಿಸಿ ಬಂದವರಿಗೂ ಸಿಗುವಂತೆ ಮಾಡಲಿ.

ಇನ್ನು ಗುಳೆ ಹೋಗುವವರು. ಸುಗ್ಗಿ ಮುಗಿದರೆ ದೇವದುರ್ಗದ ಎಷ್ಟೋ ಓಣಿಗಳಲ್ಲಿ ಉಳಿಯುವವರು ಮುದುಕರು, ಮಕ್ಕಳು. ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸಕ್ಕೆ ನಿಂತವನಿಗೆ ಹತ್ತು ದಿನಕ್ಕೊಮ್ಮೆ ಊರ ಆಸ್ಪತ್ರೆಗೆ ಬಾ ಅಂದರೆ ಹೇಗೆ ಬಂದಾನು? ಅಂಥವರಿಗೆ ಮೂರು ತಿಂಗಳ ಗುಳಿಗೆ ಕೊಡಬೇಕು. ಬಿಪಿ ಎಷ್ಟಿತ್ತು, ಯಾವ ಗುಳಿಗೆ, ಎಷ್ಟು ಎಂದು ಬರೆದ ಕಾರ್ಡನ್ನು ಬೇರೆ ಊರಿನ ಸರ್ಕಾರಿ ಆಸ್ಪತ್ರೆಯೂ ಒಪ್ಪಿ ಔಷಧಿ ಕೊಡಬೇಕು.

ಅಕ್ಕ ಈಗ ನನ್ನ ಮನೆಯಲ್ಲಿದ್ದಾಳೆ, ಎಡಗೈಯಲ್ಲಿ ಊಟ ಮಾಡುವುದನ್ನು ಕಲಿತಿದ್ದಾಳೆ. ಅವಳ ಮಗನಿಗೆ ಮೂವತ್ತನಾಲ್ಕು ವರ್ಷ. ಕಳೆದ ವಾರ ನೋಡಿಸಿದಾಗ ಅವನಿಗೂ 156/98. ಬರುವ ಭಾನುವಾರ ಹೆಂಡತಿ ಮಕ್ಕಳೊಂದಿಗೆ ಪುಣೆಗೆ ಹೊರಟಿದ್ದಾನೆ, ಯುಗಾದಿಗೆ ವಾಪಸು ಬರುತ್ತಾನೆ. ಅವನ ಕೈಗೆ ಕೊಟ್ಟಿರುವುದು ಹತ್ತು ಗುಳಿಗೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ, ರಾಯಚೂರು