ಪ್ರತಿ ಮಗುವಿನ ಓದಿಗೂ ಒಂದು ಕಿವಿ ಬೇಕು

2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಆ ಹೆಮ್ಮೆ ಉಳಿಯಬೇಕಾದರೆ ಹತ್ತನೆಯ ತರಗತಿಯ ಜೊತೆಗೆ ಎರಡನೆಯ ತರಗತಿಯನ್ನೂ ನೋಡಬೇಕು. ಮೂರನೆಯ ತರಗತಿ ಮುಗಿಸುವಷ್ಟರಲ್ಲಿ ಪ್ರತಿ ಮಗುವೂ ಅರ್ಥವಾಗುವಂತೆ ಓದಬೇಕೆಂಬ ಗುರಿ ಇಟ್ಟುಕೊಂಡು ಕೇಂದ್ರ ಸರ್ಕಾರ 2021ರಲ್ಲಿ ‘ನಿಪುಣ್ ಭಾರತ್’ ಆರಂಭಿಸಿತು. ಅದಕ್ಕೆ ಕೊಟ್ಟ ಗಡುವು 2026-27.

ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬಂದ ಮಗು ತಡವರಿಸುವುದು ಸಹಜ. ಎಲ್ಲಿ ತಡವರಿಸಿತೆಂಬುದು ಗಟ್ಟಿಯಾಗಿ ಓದಿಸಿ ಕೇಳಿದರಷ್ಟೇ ತಿಳಿಯುತ್ತದೆ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯಲ್ಲಿ ಪ್ರತಿಯೊಬ್ಬರ ಓದನ್ನು ದಿನವೂ ಕೇಳಲು ಶಿಕ್ಷಕಿಗೆ ಹೊತ್ತು ಸಾಲದು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಎಷ್ಟೋ ಮನೆಗಳಲ್ಲಿ ಅಪ್ಪ ಬೆಂಗಳೂರು, ಮುಂಬೈಯ ಹೋಟೆಲಿನಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಗೇರುಬೀಜದ ಕಾರ್ಖಾನೆಯಿಂದ ದಣಿದು ಬರುವ ಅಮ್ಮನಿಗೆ ಅಡುಗೆಮನೆ ಕಾದಿರುತ್ತದೆ.

ಈ ಕೊರತೆಯನ್ನು ಆನ್‌ಲೈನ್ ಪಾಠ ತುಂಬಬಲ್ಲದೇ? ಒಂದು ಮಗುವಿಗೆ ಒಬ್ಬರೇ ಕೂತರೆ ತುಂಬಬಲ್ಲದು. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ರಾಜ್ಯ ಸರ್ಕಾರ ಐದನೆಯ ತರಗತಿಯವರೆಗೆ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆದರೆ ಹತ್ತಾರು ಮಕ್ಕಳನ್ನು ಪರದೆಯ ಮುಂದೆ ಸುಮ್ಮನೆ ಕೂರಿಸುವುದು ಬೇರೆ, ಒಬ್ಬಳೇ ಹುಡುಗಿಯ ಓದಿಗೆ ಕಿವಿಗೊಡುವುದು ಬೇರೆ. ಅದೇ ವರ್ಷ ಇಟಲಿಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಒಬ್ಬೊಬ್ಬ ಶಾಲಾಮಗುವಿಗೆ ಆನ್‌ಲೈನಿನಲ್ಲಿ ಪಾಠ ಹೇಳಿದರು, ಮಕ್ಕಳ ಕಲಿಕೆ ಸುಧಾರಿಸಿತು. ಆ ಮಕ್ಕಳು ಹನ್ನೊಂದು ವರ್ಷ ದಾಟಿದವರು. ಆರೇಳು ವರ್ಷದವರಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಇವರ ಕೈಯಲ್ಲಿ ಅಚ್ಚಾದ ಪುಸ್ತಕವೇ ಇರಬೇಕು, ಪಕ್ಕದಲ್ಲಿ ಹಿರಿಯರೊಬ್ಬರು ಕೂರಬೇಕು, ಪಾಠ ಇಪ್ಪತ್ತು ನಿಮಿಷ ಮೀರಬಾರದು.

ಕೇಳುವವರು ಯಾರೆಂಬುದೂ ಮುಖ್ಯ. ಮನೆಯಲ್ಲಿ ‘ಬರ್ಕ್’ ಎನ್ನುವ ಮಗು ಪುಸ್ತಕದಲ್ಲಿ ‘ಬರಬೇಕು’ ಎಂದು ಓದಬೇಕು. ಕುಂದಾಪುರ ಸೀಮೆಯ ಮಾತಾದ ಕುಂದಗನ್ನಡ ಅರಿಯದವರಿಗೆ ಮಗುವಿನ ಮನೆಮಾತೇ ತಪ್ಪೆಂದು ಕೇಳಿಸೀತು. ತಿಂಗಳ ಶುಲ್ಕ ಕಟ್ಟಬಲ್ಲವರಿಗೆ ಇಂಗ್ಲಿಷ್ ಫೋನಿಕ್ಸ್ ಮಾರುವ ಪೇಟೆಯಿಂದ ಇಂಥ ಕಿವಿಯನ್ನು ನಿರೀಕ್ಷಿಸಲಾಗದು. ಅದು ಇರುವುದು ನಮ್ಮ ನಿವೃತ್ತ ಶಿಕ್ಷಕರಲ್ಲಿ, ಊರು ಬಿಟ್ಟು ಹೋದ ಯುವಜನರಲ್ಲಿ.

ಜಾಗವೂ ಸಿದ್ಧವಿದೆ. 2020ರ ಮಕ್ಕಳ ದಿನಾಚರಣೆಯಂದು ಶುರುವಾದ ‘ಓದುವ ಬೆಳಕು’ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಮಕ್ಕಳಿಗೆ ಉಚಿತವಾಗಿ ತೆರೆಯಿತು. ಈಗ ಅರಿವು ಕೇಂದ್ರಗಳಾಗಿರುವ ಈ ಗ್ರಂಥಾಲಯಗಳಲ್ಲೇ ಸಂಜೆಯ ಓದು ನಡೆಯಲಿ. ಕೊಲ್ಲೂರು, ಹೊಸಂಗಡಿಯಂಥ ಘಟ್ಟದ ತಪ್ಪಲಿನಲ್ಲಿ ಮನೆಯ ಮೊಬೈಲಿಗೆ ನೆಟ್‌ವರ್ಕ್ ಸಿಗದಿದ್ದರೂ ಕೇಂದ್ರಕ್ಕೆ ಒಳ್ಳೆಯ ಸಂಪರ್ಕ ಕೊಟ್ಟರೆ ಸಾಕು. ಗ್ರಂಥಪಾಲಕರ ಕಣ್ಣೆದುರೇ ಪಾಠ ನಡೆದರೆ ಅಪರಿಚಿತರೊಡನೆ ಮಗು ಒಂಟಿಯಾಗುವ ಭಯವಿಲ್ಲ. ಯಾವ ಮಗು ಹಿಂದುಳಿದಿದೆ ಎಂಬುದನ್ನು ಶಾಲೆ ಗುರುತಿಸಲಿ, ಓದಿಸುವವರ ಹಿನ್ನೆಲೆಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ ಪರಿಶೀಲಿಸಲಿ.

ಆಸಾಡಿ ಅಮಾಸೆಗೆ ಕುಂದಾಪ್ರ ಕನ್ನಡ ದಿನ ಆಚರಿಸುವ ಸಂಘಗಳು ಊರಲ್ಲೂ ಹೊರಗೂ ಇವೆ. ಅವುಗಳ ಒಬ್ಬೊಬ್ಬ ಸದಸ್ಯರೂ ವಾರಕ್ಕೆ ಮೂರು ಸಂಜೆ ಊರಿನ ಒಂದು ಮಗುವಿನ ಓದು ಕೇಳುವ ಹೊಣೆ ಹೊತ್ತರೆ, ಭಾಷೆಯ ಮೇಲಿನ ಪ್ರೀತಿ ಮುಂದಿನ ತಲೆಮಾರಿನ ನಾಲಿಗೆಗೂ ಕಣ್ಣಿಗೂ ದಾಟುತ್ತದೆ. ಪಂಚಾಯಿತಿಗಳು ಅವರನ್ನು ಈಗಲೇ ಕರೆಯಬೇಕು.