ಮಾವನ ಗ್ರಾಫೀನ್ ಸ್ಕೂಟರ್

ಕಳೆದ ಭಾನುವಾರ ಸಂಪಾಜೆಯಿಂದ ಮಾವ ಫೋನ್ ಮಾಡಿದ್ರು. "ಎಲೆಕ್ಟ್ರಿಕ್ ಸ್ಕೂಟರ್ ಬುಕ್ ಮಾಡಿದ್ದೇನೆ ಮಾರಾಯ. ಗ್ರಾಫೀನ್ ಬ್ಯಾಟರಿ ಅಂತೆ! ಇನ್ನು ಅತ್ತೆನ ಕೂರಿಸ್ಕೊಂಡು ಮಡಿಕೇರಿಗೆ ಹೋಗಿ ಬರಬಹುದು." ಐದು ಸಾವಿರ ಅಡ್ವಾನ್ಸೂ ಕೊಟ್ಟಾಗಿತ್ತು. ಎಂಜಿನಿಯರ್ ಅಳಿಯನಿಗೆ ಕೇಳಿದ್ದು ಆಮೇಲೆ. ನಮ್ಮ ಮನೆಗಳಲ್ಲಿ ಯಾವಾಗಲೂ ಹಾಗೇ ತಾನೆ.

ಗ್ರಾಫೀನ್ ಸುಳ್ಳಲ್ಲ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್‌ನ ಒಂದೇ ಒಂದು ಪದರ ಅದು, ದಪ್ಪ ಒಂದು ಪರಮಾಣುವಿನಷ್ಟು. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅದನ್ನು ಬೇರ್ಪಡಿಸಿದ್ದು ನಾವು ಪಾರ್ಸೆಲ್‌ಗೆ ಅಂಟಿಸೋ ಟೇಪಿನಿಂದ. 2010ರಲ್ಲಿ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲೂ ಸಿ.ಎನ್.ಆರ್. ರಾವ್ ಅವರ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ.

ಆದರೆ ಬ್ಯಾಟರಿಯಲ್ಲಿ ಇದರ ಕೆಲಸ ಏನು? ಚಾರ್ಜ್ ಹಿಡಿದಿಡೋದು ಮುಖ್ಯವಾಗಿ ಲಿಥಿಯಂ ಇರುವ ಪುಡಿ. ಆ ಪುಡಿಗೆ, ಅದರಲ್ಲೂ ಲಿಥಿಯಂ ಐರನ್ ಫಾಸ್ಫೇಟ್‌ಗೆ, ಕರೆಂಟ್ ಸಾಗಿಸೋದು ಅಷ್ಟಾಗಿ ಬರಲ್ಲ. ಹಾಗಾಗಿ ಸ್ವಲ್ಪ ಕಾರ್ಬನ್ ಬೆರೆಸ್ತಾರೆ. ಆ ಜಾಗಕ್ಕೆ ಗ್ರಾಫೀನ್ ಹಾಕಿದರೆ ಕಣದಿಂದ ಕಣಕ್ಕೆ ದಾರಿ ಸಲೀಸು. ಕಾಫಿ ತೋಟದೊಳಗೆ ಒಳ್ಳೆ ರಸ್ತೆ ಮಾಡಿದ ಹಾಗೆ: ಚೀಲಗಳ ಲೆಕ್ಕ ಹೆಚ್ಚಾಗಲ್ಲ, ಲಾರಿಗೆ ಬೇಗ ಸೇರುತ್ತೆ.

ಆ ರಸ್ತೆ ನಿಜವಾಗಿ ಬೇಕಾಗೋದು ಜೋರು ಗಾಡಿಗಳಿಗೆ. ಬೆಂಗಳೂರಿನದ್ದೇ ಅಲ್ಟ್ರಾವಯೊಲೆಟ್ ಎಫ್77 ಬೈಕ್ ನೋಡಿ. ದೊಡ್ಡ ಮಾದರಿಯಲ್ಲಿ 10.3 ಯೂನಿಟ್ ಹಿಡಿಯುವ ಲಿಥಿಯಂ ಅಯಾನ್ ಬ್ಯಾಟರಿ, ಸುಮಾರು 30 ಕಿಲೋವ್ಯಾಟ್ ಮೋಟರ್. ಪೂರ್ತಿ ತಿರುವಿ ಹಿಡಿದರೆ ಇಪ್ಪತ್ತು ನಿಮಿಷಕ್ಕೆ ಖಾಲಿ. ಆ ಹೊತ್ತಲ್ಲಿ ನೂರಕ್ಕೆ 5 ಭಾಗ ಬ್ಯಾಟರಿಯೊಳಗೇ ಬಿಸಿಯಾಗಿ ಹೋಯ್ತು ಅಂದ್ಕೊಳ್ಳಿ, ಅದೇ ಒಂದೂವರೆ ಕಿಲೋವ್ಯಾಟ್. ಸೀಟಿನ ಕೆಳಗೆ ಇಸ್ತ್ರಿಪೆಟ್ಟಿಗೆ ಇಟ್ಕೊಂಡು ಓಡಿಸಿದ ಹಾಗೆ! ಒಳಗಿನ ತಡೆ ಕಡಿಮೆಯಾದಷ್ಟು ಈ ಬಿಸಿ ಕಡಿಮೆ, ಚಾರ್ಜಿಂಗೂ ಬೇಗ. 2017ರಲ್ಲಿ ಸ್ಯಾಮ್‌ಸಂಗ್ ಸಂಶೋಧಕರು ಗ್ರಾಫೀನ್ ಉಂಡೆಗಳನ್ನು ಬಳಸಿ ಐದು ಪಟ್ಟು ವೇಗದ ಚಾರ್ಜಿಂಗ್ ಸಾಧ್ಯ ಅಂದಿದ್ದು ಈ ಕಾರಣಕ್ಕೇ. ಲ್ಯಾಬಿನಿಂದ ಶೋರೂಮಿಗೆ ಬರೋ ದಾರಿ ಮಾತ್ರ ಘಾಟಿಗಿಂತ ಕಷ್ಟದ್ದು. ಒಂದೇ ಗುಣಮಟ್ಟದ ಗ್ರಾಫೀನನ್ನು ಅಗ್ಗವಾಗಿ, ಟನ್ನುಗಟ್ಟಲೆ ಮಾಡಬೇಕಲ್ಲ.

ಹಾಗಾದ್ರೆ ಮಾವನ ಸ್ಕೂಟರ್‌ನಲ್ಲಿ ಏನಿದೆ? ಬ್ಯಾಟರಿ ಸ್ಟಿಕ್ಕರ್ ಫೋಟೋ ಕಳಿಸಿ ಅಂದೆ. ಅಂಗಡಿಯವರಿಂದ ತರಿಸಿ ವಾಟ್ಸಾಪ್ ಮಾಡಿದ್ರು. ‘ಗ್ರಾಫೀನ್’ ಅಂತ ದಪ್ಪ ಅಕ್ಷರ. ಕೆಳಗೆ ಇರುವೆಯಷ್ಟು ಸಣ್ಣಕ್ಕೆ ‘ಲೆಡ್ ಆಸಿಡ್’. ಮನೆ ಯುಪಿಎಸ್‌ನಲ್ಲಿರುವ ಜಾತಿಯೇ, ಒಂಚೂರು ಗ್ರಾಫೀನ್ ಸೇರಿಸಿದ್ದು. ಕಡಿಮೆ ಬೆಲೆಯ ಸ್ಕೂಟರ್‌ಗಳಲ್ಲಿ ಈ ಹೆಸರಿನಲ್ಲಿ ಬರೋದು ಹೆಚ್ಚಾಗಿ ಇದೇ.

72 ವೋಲ್ಟ್, 32 ಆಂಪಿಯರ್ ಅವರ್. ಗುಣಿಸಿದರೆ 2.3 ಯೂನಿಟ್. ಬ್ಯಾಟರಿಗಳ ತೂಕವೇ ಸುಮಾರು 60 ಕೆಜಿ. ಲಿಥಿಯಂ ಆಗಿದ್ರೆ 15 ಕೆಜಿ ಆಸುಪಾಸು. ಗಾಡಿ, ಮಾವ, ಅತ್ತೆ ಸೇರಿ 240 ಕೆಜಿ ಅಂತಿಟ್ಟುಕೊಳ್ಳಿ. ಸಂಪಾಜೆಯಿಂದ ಮಡಿಕೇರಿಗೆ ಸುಮಾರು 1,000 ಮೀಟರ್ ಏರಬೇಕು. ಬರೀ ಅಷ್ಟು ಎತ್ತರಕ್ಕೆ ಎತ್ತೋಕೇ 0.65 ಯೂನಿಟ್. ರಸ್ತೆ, ಗಾಳಿ, ಮೋಟರ್ ನಷ್ಟ ಸೇರಿಸಿದರೆ ನನ್ನ ಅಂದಾಜಿನಲ್ಲಿ 1.7. ಲೆಡ್ ಆಸಿಡ್ ಬ್ಯಾಟರಿಯನ್ನು ಏರಿನಲ್ಲಿ ಜೋರಾಗಿ ಎಳೆದರೆ ಬರೆದಿರೋ 2.3 ಸಿಗಲ್ಲ, ದಿನಾ ಪೂರ್ತಿ ಬರಿದು ಮಾಡಿದರೆ ಅದರ ಆಯಸ್ಸೂ ಹೋಯ್ತು. ಮದೆನಾಡು ದಾಟಿದ ಮೇಲೆ ಇಬ್ಬರೂ ಇಳಿದು ತಳ್ಳಬೇಕಾಗಬಹುದು, ಅದೂ ಆ ರಸ್ತೆಯಲ್ಲಿ, ಆ ಮಳೆಯಲ್ಲಿ. 2018ರ ಆಗಸ್ಟ್ ಕಂಡವರಿಗೆ ಅಲ್ಲಿ ಕೆಟ್ಟು ನಿಲ್ಲೋದು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ.

ಇಷ್ಟೂ ಹೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ರು. "ಹಾಗಾದ್ರೆ ಗ್ರಾಫೀನ್ ಅಂತ ಯಾಕೆ ಬರೆದದ್ದು ಅವರು?" ನಾನು ಏನು ಹೇಳಲಿ, ಬರೆದದ್ದು ಸುಳ್ಳಲ್ಲವಲ್ಲ.

ಅವತ್ತೇ ಸಂಜೆ ಬುಕಿಂಗ್ ಬೇಡ ಅಂತ ಹೇಳಿ ಬಂದಿದ್ದಾರೆ. ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ.