ಬಚ್ಚಲಮನೆಯೂ ಚರಿತ್ರೆಯೇ

ಬೀದರ ಕೋಟೆಯ ವಸ್ತುಸಂಗ್ರಹಾಲಯ ನೋಡಿ ಬಂದವರನ್ನು ಏನು ನೋಡಿದಿರೆಂದು ಕೇಳಿ. ವಿಗ್ರಹ ನೋಡಿದೆವು, ಹಳೆಯ ಆಯುಧ ನೋಡಿದೆವು ಎನ್ನುತ್ತಾರೆ. ನೀವು ನಿಂತು ನೋಡಿದ ಕಟ್ಟಡ ಯಾವುದೆಂದರೆ ಮುಖ ಮುಖ ನೋಡುತ್ತಾರೆ. ಅದು ಶಾಹಿ ಹಮಾಮು ಕಣ್ರೀ, ಅರಮನೆಯವರ ಸ್ನಾನದ ಮನೆ! ಒಳಗಿಟ್ಟ ಕಲ್ಲಿಗೆ ಕೊಡುವ ಮರ್ಯಾದೆಯಲ್ಲಿ ಕಾಲುಭಾಗವನ್ನೂ ನಾವು ಆ ಗೋಡೆಗಳಿಗೆ ಕೊಡುವುದಿಲ್ಲ.

"ಬಚ್ಚಲಮನೆಯಲ್ಲೇನು ಚರಿತ್ರೆ ಬಾಯಾರ?" ಎಂದು ಸಹೋದ್ಯೋಗಿಯೊಬ್ಬರು ಒಮ್ಮೆ ನಕ್ಕರು. ನಕ್ಕವರು ಗಂಡಸರು; ಮನೆಗೆ ನೀರು ತುಂಬಿ ಗೊತ್ತಿಲ್ಲದವರು.

ಬಹಮನಿ ಸುಲ್ತಾನ ಅಹಮದ್ ಶಹಾ 15ನೇ ಶತಮಾನದಲ್ಲಿ ಗುಲ್ಬರ್ಗಾದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಊರು ಇರುವುದೋ ಜಂಬಿಟ್ಟಿಗೆಯ ದಿಬ್ಬದ ಮೇಲೆ. ಅರಮನೆ ಕಟ್ಟಬಹುದು, ನೀರಿಗೇನು ಮಾಡುವುದು? ಅದಕ್ಕೇ ಇರಾನಿನ ಕಡೆಯ ವಿದ್ಯೆಯಾದ ಕಾರೇಜು ಬಂತು. ನೆಲದಡಿ ಸುರಂಗ ಕೊರೆದು, ಕಲ್ಲಿನೊಳಗೆ ಜಿನುಗುವ ನೀರನ್ನು ಇಳಿಜಾರಿನಲ್ಲಿ ತಾನಾಗಿ ಹರಿಯಬಿಡುವುದು. ನೌಬಾದಿನ ಕಾರೇಜು ಎರಡು ಕಿಲೋಮೀಟರಿಗೂ ಉದ್ದ. ನಡುನಡುವೆ ಗಾಳಿಗೂ ಹೂಳು ತೆಗೆಯುವುದಕ್ಕೂ ಬಾವಿಯಂಥ ಕಂಡಿಗಳು. ಪಂಪಿಲ್ಲ, ಕರೆಂಟಿಲ್ಲ. ಬೇಸಿಗೆಯಲ್ಲಿ ನಳದ ಮುಂದೆ ಕೊಡ ಸಾಲಿಟ್ಟು ಕಾಯುವ ಹೆಂಗಸಿಗೆ ಇದಕ್ಕಿಂತ ಹತ್ತಿರದ ಚರಿತ್ರೆ ಯಾವುದಿದ್ದೀತು? ಆದರೆ ನಮ್ಮ ಪರೀಕ್ಷೆಗಳಲ್ಲಿ ಕೇಳುವುದು ಯಾರು ಯಾರನ್ನು ಸೋಲಿಸಿದರು ಎಂದು. 1657ರಲ್ಲಿ ಔರಂಗಜೇಬ ಬೀದರ ಗೆದ್ದದ್ದು ಹುಡುಗರ ಬಾಯಲ್ಲಿದೆ. ಗೆದ್ದವನೂ ನೀರು ಕುಡಿಯಲೇಬೇಕಿತ್ತಲ್ಲ!

ಇನ್ನು ಮಣ್ಣಿನ ಮಾತು. ಬಿದರಿ ಪಾತ್ರೆಗೆ ಹದಿನಾರು ಪಾಲು ಸತುವು, ಒಂದು ಪಾಲು ತಾಮ್ರ. ಕೊರೆದ ಗೆರೆಯಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ ಅದ್ದಿದರೆ ಸತುವು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು, ಸಂತೋಷ. ಹಳೆಯ ಒಳ್ಳೊಳ್ಳೆಯ ಪಾತ್ರೆ ನೋಡಬೇಕೆಂದರೆ ಮಾತ್ರ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೋ ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಮ್ಮಿಗೋ ಹೋಗಬೇಕು. ಮಣ್ಣು ತವರಿನದು, ಒಡವೆ ಊರವರ ಪೆಟ್ಟಿಗೆಯಲ್ಲಿ.

ಭಾಲ್ಕಿಯ ಚನ್ನಬಸವ ಪಟ್ಟದ್ದೇವರು (1889–1999) ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಆ ಬೋರ್ಡು ಸುಲ್ತಾನರ ಕತ್ತಿಗಿಂತ ಕಡಿಮೆಯ ವಸ್ತುವೇ? ಔರಾದಿನಿಂದ ಬಸ್ಸು ಹತ್ತಿ ಕೋಟೆ ನೋಡಲು ಬರುವ ಹುಡುಗಿ ಇವತ್ತು ಕನ್ನಡದಲ್ಲಿ ಓದುತ್ತಿರುವುದು ಅಂಥವರಿಂದ.

ಹಮಾಮನ್ನು ಖಾಲಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಶಿಲ್ಪಗಳು ಅಲ್ಲೇ ಇರಲಿ, ಮಳೆಬಿಸಿಲಿಗೆ ಬಿದ್ದಿರುವುದಕ್ಕಿಂತ ಮೇಲು. ಆದರೆ ಮಕ್ಕಳನ್ನು ಕರೆದೊಯ್ಯುವ ಟೀಚರಮ್ಮಂದಿರು "ಮುಟ್ಟಬೇಡ, ಸಾಲಿನಲ್ಲಿ ನಡಿ" ಎನ್ನುವುದಕ್ಕೆ ಮೊದಲು ಒಂದು ಪ್ರಶ್ನೆ ಕೇಳಲಿ: ಈ ಮನೆಗೆ ನೀರು ಎಲ್ಲಿಂದ ಬಂದೀತು, ಕಾಯಿಸಿದವರು ಯಾರಿದ್ದಾರು? ಅದನ್ನು ಬರೆದು ಗೋಡೆಯ ಪಕ್ಕ ನಿಲ್ಲಿಸಲು ದುಡ್ಡಿಲ್ಲ ಎಂದು ಯಾರೂ ಹೇಳಬಾರದು. ಒಂದು ಹಲಗೆ, ಒಂದು ಡಬ್ಬಿ ಬಣ್ಣ, ನಾಲ್ಕು ಸಾಲು ಕನ್ನಡ. ಒಕ್ಕಣೆ ನಾನೇ ಬರೆದುಕೊಡುತ್ತೇನೆ.